ಅದು ಕುಡಿಯೋ ದಿನವಲ್ಲ: ಚಿಕಾಗೋ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಚಿಕಾಗೋ ಮತ್ತು ಸುತ್ತಮುತ್ತಲಿನ ಕನ್ನಡ ಸಂಘಗಳ ಪದಾಧಿಕಾರಿಗಳಿಗೆ, ಹಾಗೂ ಪ್ರತಿ ಮಾರ್ಚ್‌ನಲ್ಲಿ ಹಸಿರು ಟೀ ಶರ್ಟ್ ಹಾಕಿಕೊಂಡು ಮೆರವಣಿಗೆಗೆ ಹೊರಡುವ ನಮ್ಮ ಹುಡುಗ ಹುಡುಗಿಯರಿಗೆ,

ನಮಸ್ಕಾರ.

ನಾನು ಈ ಊರಿನ ದಕ್ಷಿಣ ಭಾಗದಲ್ಲಿ, ವೆಸ್ಟರ್ನ್ ಅವೆನ್ಯೂಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಮನೆ ಮಾಡಿಕೊಂಡಿರುವವಳು. ನಿಮ್ಮಲ್ಲಿ ಜಾಸ್ತಿ ಜನ ನೇಪರ್‌ವಿಲ್, ಅರೋರಾ, ಶಾಮ್‌ಬರ್ಗ್ ಕಡೆಯವರು. ನಮ್ಮ ಕಡೆ ಬರುವುದು ಅಪರೂಪ. ಬಂದರೆ ಐರ್ಲೆಂಡ್ ಮೂಲದವರು ಮಾರ್ಚ್ 17ರಂದು ಮಾಡುವ ಸೇಂಟ್ ಪ್ಯಾಟ್ರಿಕ್ ಹಬ್ಬದ ಹಿಂದಿನ ಭಾನುವಾರ, ಸೌತ್ ಸೈಡ್ ಐರಿಷ್ ಪರೇಡ್ ನೋಡಲು ಬರುತ್ತೀರಿ. ಬನ್ನಿ, ಖಂಡಿತ ಬನ್ನಿ. ಆದರೆ ಬಂದು ಹೇಗೆ ನಡೆದುಕೊಳ್ಳುತ್ತಿದ್ದೀರಿ ಎನ್ನುವುದರ ಬಗ್ಗೆ ಮಾತಾಡಲೇಬೇಕಾಗಿದೆ. ಅದಕ್ಕೇ ಈ ಪತ್ರ.

ಮೊದಲು ಈ ಸಲ ನಡೆದದ್ದನ್ನು ಹೇಳಿಬಿಡುತ್ತೇನೆ. ಮೆರವಣಿಗೆಗೆ ಒಂದು ವಾರ ಇರುವಾಗಲೇ ವಾಟ್ಸಾಪ್‌ನಲ್ಲಿ ಕನ್ನಡದ ಪೋಸ್ಟರ್ ಒಂದು ಓಡಾಡಿತು. ನೊರೆ ಉಕ್ಕುವ ಹಸಿರು ಬಿಯರ್ ಲೋಟದ ಚಿತ್ರ, ಕೆಳಗೆ ಬೆಳಗ್ಗೆಯಿಂದಲೇ ಶುರು ಮಾಡೋಣ ಬನ್ನಿ ಎಂಬ ಕರೆ. ಯಾರು ಮಾಡಿದ್ದು, ಯಾವ ಗುಂಪಿನದು ಅಂತ ಇಲ್ಲಿ ಬರೆಯುವುದಿಲ್ಲ, ಬರೆದು ಆಗಬೇಕಾದ್ದೂ ಏನಿಲ್ಲ. ಭಾನುವಾರ ನಾವು ಎಂದಿನ ಹಾಗೆ 107ನೇ ಬೀದಿಯ ಹತ್ತಿರ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದೆವು. ಮೆರವಣಿಗೆ ಮಧ್ಯಾಹ್ನ ಹನ್ನೆರಡಕ್ಕೆ. ಅದಕ್ಕೆ ಇನ್ನೂ ಹೊತ್ತಿರುವಾಗಲೇ ನಮ್ಮ ಹುಡುಗರ ಒಂದು ಗುಂಪು ಬಂತು. ಕೈಯಲ್ಲಿ ಕೋಕ್ ಬಾಟಲಿಗಳು, ಒಳಗಿದ್ದದ್ದು ಬರೀ ಕೋಕ್ ಅಲ್ಲ ಅಂತ ವಾಸನೆಯೇ ಹೇಳುತ್ತಿತ್ತು. ಮಕ್ಕಳನ್ನು ಕೂರಿಸಲು ಯಾರೋ ರಸ್ತೆ ಅಂಚಿಗೆ ಹಾಸಿದ್ದ ಕಂಬಳಿಯನ್ನು ತುಳಿದುಕೊಂಡೇ ಮುಂದೆ ಹೋಗಿ ನಿಂತರು. ಸ್ವಲ್ಪ ಹೊತ್ತಿಗೆ ಇಬ್ಬರು ಹಿಂದಿನ ಓಣಿಗೆ ಹೋಗಿ ಒಂದು ಗ್ಯಾರೇಜಿನ ಬಾಗಿಲಿಗೆ ಮೂತ್ರ ಮಾಡಿದರು.

ಆ ಗ್ಯಾರೇಜು ಎಂಬತ್ತು ದಾಟಿದ ಒಬ್ಬ ಅಜ್ಜಿಯದು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದಾರೆ. ಅವರು ಹಸಿರು ಸ್ವೆಟರ್ ಹಾಕಿಕೊಂಡು ಹೊರಡಲು ತಯಾರಾಗಿದ್ದವರು, ಹಿಂದಿನ ಬಾಗಿಲು ತೆಗೆದು ನೋಡಿದರು. ಬೈಯಲಿಲ್ಲ. ಬಾತ್‌ರೂಮ್ ಬೇಕಿದ್ದರೆ ಬೆಲ್ ಮಾಡಬಹುದಿತ್ತಲ್ಲ ಮಕ್ಕಳೇ, ಅಂದರು. ನಮ್ಮ ಹುಡುಗರು ಕನ್ನಡದಲ್ಲಿ ಏನೋ ಅಂದು ನಕ್ಕರು. ಅಜ್ಜಿಗೆ ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತು, ಅದನ್ನು ಇಲ್ಲಿ ಬರೆಯುವಂತಿಲ್ಲ.

ನಾನು ಎದ್ದು ಹೋಗಿ ಕನ್ನಡದಲ್ಲೇ ಮಾತಾಡಿಸಿದೆ. ಒಂದು ಕ್ಷಣ ಬೆಪ್ಪಾದರು. ಆಮೇಲೆ ಅವರಲ್ಲೊಬ್ಬ, ಒರಟು ಹುಡುಗನೇನಲ್ಲ, "ಆಂಟಿ, ಇವತ್ತು ಎಲ್ಲರೂ ಕುಡಿಯೋ ದಿನ ಅಲ್ವಾ? ಇವರ ಕಲ್ಚರೇ ಇದು" ಅಂದ.

ಅಲ್ಲಪ್ಪ. ಅವತ್ತು ಡ್ರಮ್ಮಿನ ಸದ್ದಿನಲ್ಲಿ ನಿನಗೆ ಸರಿಯಾಗಿ ಹೇಳಲು ಆಗಲಿಲ್ಲ, ಈಗ ಹೇಳುತ್ತೇನೆ.

ಚಿಕಾಗೋದಲ್ಲಿ ಈ ಹಬ್ಬದ ದೊಡ್ಡ ಮೆರವಣಿಗೆಗಳು ಎರಡಿವೆ, ಜನ ಎರಡನ್ನೂ ಕಲಸಿಬಿಡುತ್ತಾರೆ. ನದಿಗೆ ಹಸಿರು ಬಣ್ಣ ಹಾಕುವುದು, ಕೊಲಂಬಸ್ ಡ್ರೈವ್‌ನಲ್ಲಿ ನಡೆಯುವುದು, ಅದು ಶನಿವಾರದ್ದು, ಡೌನ್‌ಟೌನ್‌ನದು. ಅದನ್ನು ನಡೆಸುವವರು ಪ್ಲಂಬರ್‌ಗಳ ಯೂನಿಯನ್ನಿನವರು. ಪೈಪು ಎಲ್ಲಿ ಸೋರುತ್ತಿದೆ ಅಂತ ಕಂಡುಹಿಡಿಯಲು ಬಳಸುತ್ತಿದ್ದ ಬಣ್ಣವನ್ನೇ 1962ರಲ್ಲಿ ನದಿಗೆ ಸುರಿದರು, ಮೊದಲ ಸಲ 100 ಪೌಂಡ್ ಹಾಕಿ ನದಿ ಒಂದು ವಾರ ಹಸಿರಾಗಿಯೇ ಇತ್ತಂತೆ. ಈಗ ಹಾಕುವುದು ತರಕಾರಿ ಮೂಲದ ಪುಡಿ, ಅದೂ ಕಿತ್ತಳೆ ಬಣ್ಣದ್ದು, ನೀರಿಗೆ ಬಿದ್ದ ಮೇಲೆ ಹಸಿರಾಗುತ್ತದೆ. ನೋಡಲು ಚೆಂದ, ನೋಡಿ ಬನ್ನಿ. ಆದರೆ ಶನಿವಾರದ್ದು ಇಡೀ ಊರಿನದು, ಭಾನುವಾರದ್ದು ನಮ್ಮ ಕೇರಿಯದು.

ಈ ಭಾನುವಾರದ ಮೆರವಣಿಗೆ ಹುಟ್ಟಿದ್ದು 1979ರಲ್ಲಿ. ಜಾರ್ಜ್ ಹೆಂಡ್ರಿ, ಪ್ಯಾಟ್ ಕೋಕ್ಲಿ ಎಂಬ ಇಬ್ಬರು ಗೆಳೆಯರು. ತಾವು ಚಿಕ್ಕವರಿದ್ದಾಗ 79ನೇ ಬೀದಿಯಲ್ಲಿ ನಡೆಯುತ್ತಿದ್ದ ಮೆರವಣಿಗೆಯನ್ನು ಅವರು ಮರೆತಿರಲಿಲ್ಲ, ತಮ್ಮ ಮಕ್ಕಳಿಗೂ ಅಂಥದ್ದೊಂದು ಬೇಕು ಅನ್ನಿಸಿತು. ಅಕ್ಕಪಕ್ಕದ ಮನೆಯ 17 ಮಕ್ಕಳನ್ನು ಸೇರಿಸಿದರು. ಮಗುವನ್ನು ಕೂರಿಸಿ ತಳ್ಳುವ ಗಾಡಿಗೆ ಒಂದು ಡಬ್ಬ ಮುಚ್ಚಿ, ಅದರ ಮೇಲೆ ಐರ್ಲೆಂಡಿನ 26 ಕೌಂಟಿಗಳ, ಅಂದರೆ ಅಲ್ಲಿನ ಜಿಲ್ಲೆಗಳ, ಹೆಸರು ಬರೆದು, ಅದನ್ನೇ ರಥ ಮಾಡಿಕೊಂಡು ತಮ್ಮ ಬೀದಿ ಸುತ್ತಿದರು. ಅಷ್ಟೇ. ಎರಡು ವರ್ಷ ಕಳೆಯುವಷ್ಟರಲ್ಲಿ ಬೀದಿ ಸಾಲದೆ ಮೆರವಣಿಗೆ ವೆಸ್ಟರ್ನ್ ಅವೆನ್ಯೂಗೆ ಬಂತು. ಇವತ್ತಿಗೂ 103ನೇ ಬೀದಿಯಿಂದ 115ನೇ ಬೀದಿಯವರೆಗೆ ಅದೇ ದಾರಿ.

79ನೇ ಬೀದಿಯ ಆ ಹಳೆಯ ಐರಿಷ್ ಕೇರಿ ಯಾಕೆ ಉಳಿಯಲಿಲ್ಲ ಎನ್ನುವುದಕ್ಕೂ ಒಂದು ಕಥೆ ಇದೆ, ಅದು ಹೆಮ್ಮೆ ಪಡುವಂಥದ್ದಲ್ಲ. ಕರಿಯ ಕುಟುಂಬಗಳು ಮನೆ ಕೊಂಡು ಬರತೊಡಗಿದಾಗ ಬಿಳಿಯರು ಮನೆ ಮಾರಿ ಇನ್ನೂ ದಕ್ಷಿಣಕ್ಕೆ, ಪಶ್ಚಿಮಕ್ಕೆ ಹೊರಟರು. ಇಲ್ಲಿನ ಹಿರಿಯರಲ್ಲಿ ಕೆಲವರು ಅದನ್ನು ಮುಚ್ಚಿಡದೆ ಹೇಳುತ್ತಾರೆ. ಇವತ್ತು ನಮ್ಮ ಬೆವರ್ಲಿ, ಮಾರ್ಗನ್ ಪಾರ್ಕ್ ಬೀದಿಗಳಲ್ಲಿ ಕರಿಯರು, ಬಿಳಿಯರು ಅಕ್ಕಪಕ್ಕದಲ್ಲೇ ಇದ್ದಾರೆ, ನಮ್ಮಂಥವರೂ ಇದ್ದೇವೆ. ಮೆರವಣಿಗೆ ನೋಡಲು ಎಲ್ಲರೂ ಬರುತ್ತೇವೆ.

ನಾವು ಇಲ್ಲಿಗೆ ಬಂದ ಹೊಸದರಲ್ಲಿ ಈ ಮೆರವಣಿಗೆಯಿಂದಲೇ ನಮಗೆ ನೆರೆಹೊರೆ ಸಿಕ್ಕಿದ್ದು. ನಗರದ ನೌಕರರು ನಗರದ ಗಡಿಯೊಳಗೇ ಇರಬೇಕು ಎಂಬ ನಿಯಮ ಇರುವುದರಿಂದ ನಮ್ಮ ಸುತ್ತ ಜಾಸ್ತಿ ಮನೆಗಳು ಪೊಲೀಸರದು, ಅಗ್ನಿಶಾಮಕ ದಳದವರದು, ಟೀಚರ್‌ಗಳದು. ಪಕ್ಕದ ಮನೆಯವರು ಅಗ್ನಿಶಾಮಕ ದಳದಿಂದ ನಿವೃತ್ತರಾದವರು. ಚಳಿಗಾಲದಲ್ಲಿ ಒಬ್ಬರಿಗೊಬ್ಬರು ಕೈ ಎತ್ತುವುದು ಬಿಟ್ಟರೆ ಮಾತಿರಲಿಲ್ಲ. ಆ ಮಾರ್ಚ್‌ನಲ್ಲಿ ಅವರೇ ಬಂದು ಬಾಗಿಲು ತಟ್ಟಿ, ಬೆಳಗ್ಗೆ ಬೇಗ ಕುರ್ಚಿ ಹಾಕದಿದ್ದರೆ ಜಾಗ ಸಿಗುವುದಿಲ್ಲ, ನಿಮ್ಮದನ್ನೂ ನಾನೇ ಹಾಕಿರುತ್ತೇನೆ ಅಂದರು. ಹಾಕಿದ್ದರು, ಮೇಲೊಂದು ಕಂಬಳಿಯನ್ನೂ ಮಡಚಿ ಇಟ್ಟಿದ್ದರು.

ಮೆರವಣಿಗೆ ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತದೆ. ಬ್ಯಾಗ್‌ಪೈಪ್‌ನವರು ಚೀಲಕ್ಕೆ ಗಾಳಿ ತುಂಬಿ ತೋಳಿನಿಂದ ಒತ್ತಿದ ಕೂಡಲೇ ಮೊದಲು ಒಂದು ಶ್ರುತಿ ಎದ್ದು ನಿಲ್ಲುತ್ತದೆ, ಆಮೇಲೆ ಅದರ ಮೇಲೆ ರಾಗ ಬರುತ್ತದೆ, ಅದರ ಹಿಂದೆ ದೊಡ್ಡ ಡ್ರಮ್ಮಿನ ಏಟು ಎದೆಗೇ ಬಂದು ತಾಗುತ್ತದೆ. ಮಾರ್ಚ್‌ನ ಚಳಿ ಗಾಳಿ, ಕೆಲವು ವರ್ಷ ಹಿಮವೂ ಬೀಳುತ್ತಿರುತ್ತದೆ, ಅಂಥದ್ದರಲ್ಲೂ ಲಂಗದಂಥ ಕಿಲ್ಟ್ ಹಾಕಿಕೊಂಡು ಬರಿ ಮೊಣಕಾಲಿನಲ್ಲಿ ನಡೆಯುತ್ತಾರೆ. ಅವರ ಹಿಂದೆ ಸ್ಟೆಪ್ ಡಾನ್ಸ್ ಮಾಡುವ ಮಕ್ಕಳು. ಸೊಂಟದ ಮೇಲಿನ ಮೈ ನೆಟ್ಟಗೆ, ಕೈ ಎರಡೂ ಬದಿಗೆ ಅಂಟಿಸಿದ ಹಾಗೆ, ಕುಣಿಯುವುದೆಲ್ಲ ಕಾಲಲ್ಲೇ. ಗಟ್ಟಿ ಅಟ್ಟೆಯ ಶೂ ಡಾಂಬರಿಗೆ ಬಡಿಯುವ ಆ ಟಕಟಕ ಸದ್ದಿಗೆ ನನ್ನ ಮಗಳು ಮೂರು ವರ್ಷದವಳಿರುವಾಗಲೇ ಸೋತುಹೋದಳು. ಆಮೇಲೆ ಅವಳೂ ಸೇರಿ ಕಲಿತಳು. ಜಿಗ್ ಕುಣಿತ ಯಾವುದು, ರೀಲ್ ಕುಣಿತ ಯಾವುದು ಅಂತ ನನಗೆ ಹೇಳಿಕೊಟ್ಟವಳು ಅವಳೇ. ಮೊದಲ ಸಲ ಅವಳು ವೆಸ್ಟರ್ನ್ ಅವೆನ್ಯೂದಲ್ಲಿ ನಡೆದು ಬಂದಾಗ ಪಕ್ಕದ ಮನೆಯವರು ಕುರ್ಚಿಯಿಂದ ಎದ್ದು ನಿಂತು ಅವಳ ಹೆಸರು ಹಿಡಿದು ಕೂಗಿದರು, ಅದನ್ನು ನೋಡಿ ಆಚೀಚೆ ಕೂತಿದ್ದವರೂ ಎದ್ದರು, ಕನ್ನಡದ ಆ ಹೆಸರನ್ನು ಅವರಿಗೆ ಬಂದ ಹಾಗೆ ಕೂಗುತ್ತಿದ್ದ ಅಷ್ಟು ದೊಡ್ಡ ಸಾಲು ನೋಡಿ ನನ್ನ ಗಂಟಲು ಕಟ್ಟಿತು.

ಆ ಸಲ ಹಾಸನದಿಂದ ಅಮ್ಮ ಬಂದಿದ್ದರು. ಎರಡು ಸ್ವೆಟರ್ ಮೇಲೆ ಶಾಲು ಹೊದ್ದು ಕೂತಿದ್ದ ಅವರಿಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಮನೆತನಗಳ ಸಾಲು. ಒಂದೊಂದು ಕುಟುಂಬ ತಮ್ಮ ಹೆಸರಿನ ಬ್ಯಾನರ್ ಹಿಡಿದು ನಡೆಯುತ್ತದೆ. ಗಾಲಿಕುರ್ಚಿಯಲ್ಲಿ ತಾತ, ಹಿಂದೆ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು, ಬೇರೆ ಬೇರೆ ಊರಿಗೆ ಹೋದವರೂ ಆ ದಿನಕ್ಕೆ ಅಂತ ಬಂದಿರುತ್ತಾರೆ. ನಮ್ಮಲ್ಲಿ ಯಾಕೆ ಹೀಗೆ ಮಾಡುವುದಿಲ್ಲ, ಅಂತ ಅಮ್ಮ ಕೇಳಿದರು. ನಡೆಯುವವರು ಮಕ್ಕಳಿಗೆ ಎಸೆಯುವ ಚಾಕಲೇಟುಗಳನ್ನೆಲ್ಲ ಆರಿಸಿ ಚೀಲ ತುಂಬಿಕೊಂಡು ಹಾಸನಕ್ಕೂ ಒಯ್ದರು.

ಮೆರವಣಿಗೆ ಮುಗಿದ ಮೇಲೆ ಊಟ. ಕಾರ್ನ್ಡ್ ಬೀಫ್, ಎಲೆಕೋಸು, ಆಲೂಗಡ್ಡೆ ಅವರಲ್ಲಿ ಆಗಲೇಬೇಕು. ನಾವು ಮಾಂಸ ತಿನ್ನುವುದಿಲ್ಲ ಅಂತ ಪಕ್ಕದ ಮನೆಯಾಕೆ ಎಲೆಕೋಸು, ಆಲೂಗಡ್ಡೆಯನ್ನು ನಮಗಾಗಿ ಬೇರೆ ಪಾತ್ರೆಯಲ್ಲಿ ಬೇಯಿಸುತ್ತಾರೆ, ಒಣದ್ರಾಕ್ಷಿ ಹಾಕಿದ ಸೋಡಾ ಬ್ರೆಡ್ ಒಂದು ಕೊಟ್ಟು ಕಳಿಸುತ್ತಾರೆ. ಯುಗಾದಿ ಹಿಂದೆ ಮುಂದೆಯೇ ಬರುವುದರಿಂದ ನಮ್ಮ ಮನೆಯಿಂದ ಒಬ್ಬಟ್ಟು ಹೋಗುತ್ತದೆ.

ಇದು ಅವರ ಕಲ್ಚರ್.

ಕುಡಿಯುವುದೇ ಇಲ್ಲವೇ ಅಂದರೆ, ಕುಡಿಯುತ್ತಾರೆ. ನಾನು ಮದ್ಯಪಾನ ನಿಷೇಧದ ಭಾಷಣ ಮಾಡುತ್ತಿಲ್ಲ. ವೆಸ್ಟರ್ನ್ ಅವೆನ್ಯೂದಲ್ಲಿ ಬೇಕಾದಷ್ಟು ಪಬ್‌ಗಳಿವೆ, ವಯಸ್ಸು ಇಪ್ಪತ್ತೊಂದಾಗಿದ್ದರೆ ಒಳಗೆ ಕೂತು ಕುಡಿಯಿರಿ, ನಿಮ್ಮಿಷ್ಟ. ಆದರೆ ಆ ದಿನ ಇರುವುದೇ ಕುಡಿಯಲು ಎನ್ನುವುದು ಸುಳ್ಳು. ಐರ್ಲೆಂಡಿನಲ್ಲಿ 1927ರ ಕಾನೂನಿನ ಪ್ರಕಾರ ಸೇಂಟ್ ಪ್ಯಾಟ್ರಿಕ್ ದಿನ ಪಬ್‌ಗಳು ಮುಚ್ಚಿರಬೇಕಿತ್ತು. ಗುಡ್ ಫ್ರೈಡೆ, ಕ್ರಿಸ್‌ಮಸ್ ಆಗ ಹೇಗಿತ್ತೋ ಇದೂ ಹಾಗೇ. 1960ರಲ್ಲಿ ಹೊಸ ಕಾನೂನು ಬಂದ ಮೇಲೆಯೇ ತೆರೆದದ್ದು. ಚರ್ಚಿಗೆ ಹೋಗಿ, ಮನೆಯವರ ಜೊತೆ ಊಟ ಮಾಡುವ ದಿನ ಅದು. ಹಸಿರು ಬಿಯರ್ ಅಮೆರಿಕದ ಸೇರ್ಪಡೆ.

ಇನ್ನೊಂದು ವಿಷಯ ನಮ್ಮ ಹುಡುಗರಿಗೆ ಗೊತ್ತಿರಲಿ. ಐರಿಷರು ಕುಡುಕರು ಎನ್ನುವುದು ಇವತ್ತಿನ ತಮಾಷೆಯಲ್ಲ, ಹಳೆಯ ಬೈಗುಳ. 1845ರಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು, ಮುಂದಿನ ಕೆಲವು ವರ್ಷಗಳಲ್ಲಿ ಆ ಪುಟ್ಟ ದೇಶದಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಅಷ್ಟೇ ಜನ ಅಥವಾ ಇನ್ನೂ ಹೆಚ್ಚು ಜನ ಹಡಗು ಹತ್ತಿದರು. ಬಂದವರಿಗೆ ಇಲ್ಲಿ ಏನು ಸಿಕ್ಕಿತು? ಪತ್ರಿಕೆಗಳಲ್ಲಿ ಅವರನ್ನು ಕೈಯಲ್ಲಿ ಬಾಟಲಿ ಹಿಡಿದ ಕೋತಿಗಳ ಹಾಗೆ ಚಿತ್ರ ಬರೆದರು. ಕೆಲಸದ ಜಾಹೀರಾತಿನಲ್ಲಿ ಐರಿಷರು ಅರ್ಜಿ ಹಾಕುವುದು ಬೇಡ ಅಂತ ಹಾಕಿದರು. ಕ್ಷಾಮಕ್ಕೂ ಮೊದಲೇ ಬಂದಿದ್ದ ಐರಿಷ್ ಕೂಲಿಗಳು 1836ರಿಂದ 1848ರವರೆಗೆ ಗುದ್ದಲಿ ಹಿಡಿದು 96 ಮೈಲಿ ಉದ್ದದ ಇಲಿನಾಯ್ ಮಿಶಿಗನ್ ಕಾಲುವೆ ತೋಡಿದರು. ಚಿಕಾಗೋ ಇಷ್ಟು ದೊಡ್ಡ ಊರಾಗಲು ಆ ಕಾಲುವೆ ಒಂದು ಮುಖ್ಯ ಕಾರಣ. ಆ ಕೂಲಿಗಳು ಗುಡಿಸಲು ಹಾಕಿಕೊಂಡಿದ್ದ ಜಾಗವೇ ಇವತ್ತು ಚಿಕಾಗೋದ ಒಂದು ಕೇರಿಯಾಗಿರುವ ಬ್ರಿಡ್ಜ್‌ಪೋರ್ಟ್. ಅಷ್ಟು ಮಾಡಿದವರನ್ನು ಬಾಟಲಿ ಹಿಡಿದ ಕೋತಿ ಅಂದದ್ದನ್ನೇ ಇವತ್ತು ನಾವು ಹಸಿರು ಟೋಪಿ ಹಾಕಿಕೊಂಡು ಅವರ ಮನೆ ಮುಂದೆಯೇ ಮತ್ತೆ ಹೇಳುತ್ತಿದ್ದೇವೆ. ಬಣ್ಣ, ಮಾತಿನ ಧಾಟಿ ನೋಡಿ ನಮ್ಮನ್ನು ಅಳೆಯುವವರ ಮೇಲೆ ಸಿಟ್ಟಾಗುವ ನಾವೇ ಇದನ್ನು ಮಾಡಬಹುದಾ?

ಈ ಮೆರವಣಿಗೆ ಒಂದು ಸಲ ನಿಂತೇ ಹೋಗಿತ್ತು ಅಂತ ನಿಮಗೆ ಗೊತ್ತಾ? 2009ರಲ್ಲಿ ಸುಮಾರು 3 ಲಕ್ಷ ಜನ ಬಂದಿದ್ದರು. ಹೊರಗಿನಿಂದ ಕುಡಿಯಲು ಅಂತಲೇ ಬಂದವರೇ ತುಂಬಿದ್ದರು. ಹೊಡೆದಾಟ, ಮನೆ ಅಂಗಳದಲ್ಲಿ ಗಲೀಜು, ಐವತ್ತಕ್ಕೂ ಹೆಚ್ಚು ಜನರ ಬಂಧನ. ಇನ್ನು ನಮ್ಮ ಕೈಲಾಗದು ಅಂತ ನಡೆಸುವವರು ಅದೇ ತಿಂಗಳು ಹೇಳಿಬಿಟ್ಟರು. 2010ರಲ್ಲಿ ಇಲ್ಲ, 2011ರಲ್ಲಿ ಇಲ್ಲ. ಆ ಎರಡು ವರ್ಷ ತಮ್ಮ ಮೊಮ್ಮಕ್ಕಳಿಗೆ ಏನೂ ತೋರಿಸಲಾಗಲಿಲ್ಲ ಅಂತ ಇಲ್ಲಿನ ಅಜ್ಜ ಅಜ್ಜಿಯರು ಈಗಲೂ ನೊಂದುಕೊಂಡು ಹೇಳುತ್ತಾರೆ. 2012ರ ಮಾರ್ಚ್ 11ರಂದು ಮತ್ತೆ ಶುರುವಾದಾಗ ಬೀದಿಯಲ್ಲಿ ಒಂದು ಹನಿ ಕುಡಿಯುವುದಕ್ಕೂ ಅವಕಾಶವಿಲ್ಲ ಎಂಬ ನಿಯಮ ತಂದರು, ದಂಡ ಹೆಚ್ಚಿಸಿದರು, ಕಾವಲಿನವರನ್ನು ಹಾಕಿದರು. ಆಮೇಲೆ ಕೋವಿಡ್‌ನಿಂದ 2020, 2021ರಲ್ಲಿ ಮತ್ತೆ ಇಲ್ಲ. ಇಷ್ಟೆಲ್ಲ ದಾಟಿ ಉಳಿಸಿಕೊಂಡಿರುವುದನ್ನು ಇನ್ನೊಂದು ಸಲ ಕಳೆದುಕೊಳ್ಳುವ ಭಯ ನನ್ನ ಬೀದಿಯವರಿಗೆ ಪ್ರತಿ ಮಾರ್ಚ್‌ನಲ್ಲೂ ಇರುತ್ತದೆ. ಅದಕ್ಕೆ ಕಾರಣ ನಮ್ಮವರಾಗುವುದು ಬೇಡ.

ನಮ್ಮೂರ ತೇರಿನ ದಿನ ಎಲ್ಲಿಂದಲೋ ಬಂದವರು ಕುಡಿದು ತೇರಿನ ಹಗ್ಗ ತುಳಿದು, ಯಾರದೋ ಮನೆ ಗೋಡೆಗೆ ಉಚ್ಚೆ ಹೊಯ್ದು, ನಿಮ್ಮ ಹಬ್ಬವೇ ಹೀಗಲ್ವಾ ಅಂದರೆ ನಾವು ಸುಮ್ನೆ ಇರುತ್ತಿದ್ದೆವಾ?

ಅಲ್ಲದೆ ಕನ್ನಡಿಗರಾಗಿ ನಮಗೆ ಐರಿಷರ ಒಂದು ಋಣವೂ ಇದೆ. ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದ ಕವಿ ಜೇಮ್ಸ್ ಕಸಿನ್ಸ್ 1924ರಲ್ಲಿ ಮೈಸೂರಿಗೆ ಬಂದಾಗ, ಇಂಗ್ಲಿಷಿನಲ್ಲಿ ಪದ್ಯ ಬರೆಯುತ್ತಿದ್ದ ಹುಡುಗ ಕುವೆಂಪು ತಮ್ಮ ಕವಿತೆಗಳನ್ನು ಅವರಿಗೆ ತೋರಿಸಲು ಹೋದರು. ನಿನ್ನ ಭಾಷೆಯಲ್ಲಿ ಬರಿ ಎಂದು ಕಸಿನ್ಸ್ ಬುದ್ಧಿ ಹೇಳಿದ ಕಥೆ ನಮಗೆಲ್ಲ ಶಾಲೆಯಿಂದಲೇ ಗೊತ್ತು. ತಮ್ಮದೇ ಭಾಷೆ, ತಮ್ಮದೇ ಹಾಡು ಕೈತಪ್ಪಿ ಹೋಗುವುದನ್ನು ಕಂಡ ನಾಡಿನಿಂದ ಬಂದವರ ಮಾತು ಅದು. ಇದೇ ಚಿಕಾಗೋದಲ್ಲಿ ಕಾರ್ಕ್ ಕಡೆಯಿಂದ ಬಂದ ಫ್ರಾನ್ಸಿಸ್ ಓನೀಲ್ ಎಂಬವರು 1901ರಿಂದ 1905ರವರೆಗೆ ಪೊಲೀಸ್ ಮುಖ್ಯಸ್ಥರಾಗಿದ್ದರು. ವಲಸೆ ಬಂದವರ ಬಾಯಲ್ಲಿ, ಕೈಬೆರಳಲ್ಲಿ ಉಳಿದಿದ್ದ ಮಟ್ಟುಗಳನ್ನು ಅವರು ಹುಡುಕಿ ಹುಡುಕಿ ಕೇಳಿಸಿಕೊಂಡರು. ಅವರಿಗೆ ಸ್ವರ ಬರೆಯಲು ಬರುತ್ತಿರಲಿಲ್ಲ, ಅದಕ್ಕೆ ಅದೇ ಅಡ್ಡಹೆಸರಿನ ಇನ್ನೊಬ್ಬ ಪೊಲೀಸರ ಕೈಯಲ್ಲಿ ಬರೆಸಿ 1903ರಲ್ಲಿ 1,850 ಮಟ್ಟುಗಳನ್ನು ಅಚ್ಚು ಹಾಕಿಸಿದರು. ಐರಿಷ್ ಸಂಗೀತಗಾರರು ಇವತ್ತಿಗೂ ಆ ಸಂಗ್ರಹ ತೆರೆದು ನೋಡುತ್ತಾರೆ. ಬೇರೆ ದೇಶಕ್ಕೆ ಬಂದ ಮೇಲೂ ತಮ್ಮದನ್ನು ಹೇಗೆ ಉಳಿಸಿಕೊಳ್ಳಬೇಕು ಅಂತ ಅವರಿಂದ ಕಲಿಯುವುದಿದೆ.

ಹಾಗಾಗಿ ಸಂಘಗಳ ಪದಾಧಿಕಾರಿಗಳಲ್ಲಿ ನನ್ನ ಕೋರಿಕೆ. ಕುಡಿತದ ಪೋಸ್ಟರ್‌ಗಳು ನಿಮ್ಮ ಗುಂಪುಗಳಲ್ಲಿ ಬಂದರೆ ತೆಗೆದುಹಾಕಿ, ಯಾಕೆ ತೆಗೆದಿರಿ ಅಂತಲೂ ಅಲ್ಲೇ ಎರಡು ಸಾಲು ಬರೆಯಿರಿ. ಸಂಘದ ಕಡೆಯಿಂದಲೇ ಮೆರವಣಿಗೆಗೆ ಹೊರಡುವುದಾದರೆ ಮಕ್ಕಳನ್ನು, ಊರಿಂದ ಬಂದಿರುವ ಅಪ್ಪ ಅಮ್ಮಂದಿರನ್ನು ಕರೆದುಕೊಂಡು ಬನ್ನಿ. ರಾಕ್ ಐಲೆಂಡ್ ಲೈನಿನ ರೈಲು ಹತ್ತಿದರೆ ಪಾರ್ಕಿಂಗ್ ತಲೆನೋವಿಲ್ಲ. ಕಸಕ್ಕೆ ನಿಮ್ಮದೇ ಚೀಲ ತನ್ನಿ, ಯಾಕೆಂದರೆ ಸಂಜೆ ಆ ಬೀದಿ ಗುಡಿಸಲು ಪೊರಕೆ ಹಿಡಿದು ಬರುವವರಲ್ಲಿ ಆ ಅಜ್ಜಿಯೂ ಇರುತ್ತಾರೆ. ಮತ್ತೆ, ನಮ್ಮ ಅಮ್ಮ ಕೇಳಿದ ಪ್ರಶ್ನೆಯನ್ನು ನಿಮಗೂ ಕೇಳುತ್ತೇನೆ. ರಾಜ್ಯೋತ್ಸವ ಅಂದರೆ ಹಾಲ್ ಬುಕ್ ಮಾಡುವುದು, ಸೌಂಡ್ ಸಿಸ್ಟಮ್, ಊಟದ ಟಿಕೆಟ್ಟು, ಇಷ್ಟೇ ಆಗಿದೆ. ಇವರು ಶುರು ಮಾಡಿದ್ದು 17 ಮಕ್ಕಳು ಮತ್ತು ಒಂದು ತಳ್ಳುಗಾಡಿಯಿಂದ. ನವೆಂಬರ್‌ನಲ್ಲಿ ನಮ್ಮ ಮಕ್ಕಳೂ ನಮ್ಮ ಜಿಲ್ಲೆಗಳ ಹೆಸರು ಬರೆದುಕೊಂಡು ಒಂದು ಬೀದಿ ಸುತ್ತಲಿ, ಅಕ್ಕಪಕ್ಕದವರನ್ನೂ ಕರೆಯಿರಿ. ನಮ್ಮ ಪಕ್ಕದ ಮನೆಯವರು ಕುರ್ಚಿ ಹಾಕಿಕೊಂಡು ಮೊದಲ ಸಾಲಿನಲ್ಲಿ ಕೂರುತ್ತಾರೆ, ಅದಕ್ಕೆ ನಾನು ಜವಾಬ್ದಾರಿ.

ಹುಡುಗರಿಗೆ, ಅಕ್ಕನ ಸಲಿಗೆಯಿಂದ ಎರಡು ಮಾತು. ಈ ನಗರದಲ್ಲಿ ಬೀದಿಯಲ್ಲಿ ಕುಡಿಯುವುದು ಕಾನೂನಿಗೆ ವಿರುದ್ಧ, ಕೋಕ್ ಬಾಟಲಿಯಲ್ಲಿ ತಂದರೂ ವಿರುದ್ಧವೇ. ಪೊಲೀಸರು ಒಂದು ಸಲ ಹಿಡಿದುಕೊಂಡು ಹೋದರೆ ಮುಂದೆ ವೀಸಾ ಅರ್ಜಿ ತುಂಬುವಾಗಲೆಲ್ಲ ಯಾವತ್ತಾದರೂ ಬಂಧನ ಆಗಿದೆಯಾ ಎಂಬ ಪ್ರಶ್ನೆಗೆ ಹೌದು ಅಂತ ಬರೆಯಬೇಕಾಗುತ್ತದೆ. ಅಪ್ಪ ಅಮ್ಮ ಸಾಲ ಮಾಡಿ ಕಳಿಸಿರುವವರು ಇದನ್ನು ಇನ್ನೂ ಎರಡು ಸಲ ಯೋಚಿಸಿ. ಅದಕ್ಕಿಂತ ಮುಖ್ಯವಾಗಿ, ಅವತ್ತು ಆ ಗ್ಯಾರೇಜ್ ಹತ್ತಿರ ಇದ್ದವರು ಯಾರಾದರೂ ಈ ಪತ್ರ ಓದುತ್ತಿದ್ದರೆ, ಆ ಅಜ್ಜಿಯ ಮನೆಗೆ ಹೋಗಿ ತಪ್ಪಾಯಿತು ಅಂತ ಹೇಳಿ ಬನ್ನಿ. ಒಬ್ಬರೇ ಹೋಗಲು ಮುಜುಗರವಾದರೆ ನನಗೆ ತಿಳಿಸಿ, ನಾನೂ ಜೊತೆಗೆ ಬರುತ್ತೇನೆ. ಅವರು ಖಂಡಿತ ಒಳಗೆ ಕರೆದು ಚಹಾ ಕೊಡುತ್ತಾರೆ, ತಮ್ಮ ತಾಯಿ ಐರ್ಲೆಂಡಿನ ಮೇಯೋ ಕೌಂಟಿಯಿಂದ ಬಂದ ಕಥೆ ಹೇಳುತ್ತಾರೆ. ಕೂತು ಪೂರ್ತಿ ಕೇಳಿ.

ಮುಂದಿನ ವರ್ಷ 107ನೇ ಬೀದಿಯ ಮೂಲೆಯಲ್ಲಿ, ರಸ್ತೆಯ ಪೂರ್ವದ ಬದಿಗೆ ನಾವು ಇರುತ್ತೇವೆ. ಹನ್ನೊಂದಕ್ಕೇ ಬಂದರೆ ಕುರ್ಚಿಗೆ ಜಾಗ ಸಿಗುತ್ತದೆ.

ಇಂತಿ ನಿಮ್ಮವಳೇ ಆದ,
ವೆಸ್ಟರ್ನ್ ಅವೆನ್ಯೂ ಹತ್ತಿರದ ಒಬ್ಬ ಕನ್ನಡತಿ